ನರದ ನೋವು ಮತ್ತು ಬೆನ್ನುಹುರಿಯ ವಿದ್ಯುತ್ ಸಾಧನ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಅಡಕೆ ಮರದಿಂದ ಬಿದ್ದವರ ಸುದ್ದಿ ಕೇಳದ ಊರು ವಿರಳ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗಲೋ, ಕೊನೆ ಇಳಿಸುವಾಗಲೋ ಕಾಲು ಜಾರುತ್ತದೆ. ಮೂಳೆ ಕೂಡಿಕೊಳ್ಳುತ್ತದೆ, ಗಾಯ ಮಾಯುತ್ತದೆ. ಆದರೆ ಕೆಲವರಿಗೆ ಕಾಲಿನುದ್ದಕ್ಕೂ ಉರಿ, ಚುಚ್ಚು, ಸಿಡಿಲು ಹೊಡೆದಂಥ ಸೆಳೆತ ವರ್ಷಗಟ್ಟಲೆ ಉಳಿದುಬಿಡುತ್ತದೆ. ಹೊದಿಕೆ ಸೋಕಿದರೂ ನೋವು. ಬೆನ್ನಿನ ಶಸ್ತ್ರಚಿಕಿತ್ಸೆಯಾದವರಲ್ಲಿಯೂ ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿಯೂ ಇದು ಉಂಟು. ಇಲ್ಲಿ ಕೆಟ್ಟಿರುವುದು ನೋವಿನ ಸುದ್ದಿಯನ್ನು ಒಯ್ಯುವ ನರವೇ. ಆದ್ದರಿಂದ ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಗೆ ಇದು ಸುಲಭವಾಗಿ ಬಗ್ಗುವುದಿಲ್ಲ.

ಇಂಥವರಿಗೆ ದೊಡ್ಡ ಊರಿನ ವೈದ್ಯರು ಒಮ್ಮೊಮ್ಮೆ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಎಂಬ ಸಾಧನವನ್ನು ಸೂಚಿಸುವುದುಂಟು. ಬೆನ್ನುಹುರಿಯ ಹೊರಪೊರೆಯ ಮೇಲೆ ಸಣ್ಣ ತಂತಿಗಳನ್ನು ಕೂರಿಸಿ, ಸೊಂಟದ ಕೆಳಗೆ ಚರ್ಮದಡಿಯಲ್ಲಿ ಬ್ಯಾಟರಿಯುಳ್ಳ ಪುಟ್ಟ ಡಬ್ಬಿಯನ್ನಿಟ್ಟು, ಅದರಿಂದ ಮೃದುವಾದ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತಾರೆ. ಯೋಚನೆ ಹಳೆಯದು. ಒಂದನೆಯ ಶತಮಾನದಲ್ಲಿ ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯ ತಲೆನೋವಿಗೆ ಜೀವಂತ ವಿದ್ಯುತ್ ಮೀನನ್ನು ಸೋಕಿಸಲು ಹೇಳಿದ್ದನು! ಶಾಸ್ತ್ರೀಯವಾದ ವಿವರಣೆ ೧೯೬೫ರಲ್ಲಿ ಬಂತು. ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಸ್ಪರ್ಶದ ನರಗಳು ಚುರುಕಾದರೆ ಅದು ಮುಚ್ಚಿಕೊಳ್ಳುತ್ತದೆ ಎಂದು ಮೆಲ್‌ಜ್ಯಾಕ್ ಮತ್ತು ವಾಲ್ ಸೂಚಿಸಿದರು. ನಮ್ಮ ತೋಟದ ಉಣಗೋಲನ್ನು ನೆನೆದುಕೊಳ್ಳಿ. ಗಳು ಸರಿಸಿದರೆ ದನ ಒಳಗೆ, ಹಾಕಿದರೆ ಹೊರಗೆ. ಪೆಟ್ಟು ಬಿದ್ದ ಮೊಣಕೈಯನ್ನು ನಾವು ತಟ್ಟನೆ ಉಜ್ಜಿಕೊಳ್ಳುವುದೂ ಈ ಉಪಾಯವೇ. ೧೯೬೭ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಇಂಥ ಸಾಧನವನ್ನು ಮೊದಲ ಬಾರಿಗೆ ರೋಗಿಯೊಬ್ಬರಲ್ಲಿ ಅಳವಡಿಸಿದರು. ಇಂದಿನ ಕೆಲವು ಸಾಧನಗಳು ಜುಮ್ಮೆನ್ನುವ ಅನುಭವವನ್ನೇ ಕೊಡದೆ ನಡೆಯುತ್ತವೆ. ಅವಕ್ಕೆ ಉಣಗೋಲಿನ ಉಪಮೆ ಅಷ್ಟಾಗಿ ಹೊಂದದು.

ಇದು ಕೆಟ್ಟ ನರವನ್ನು ರಿಪೇರಿ ಮಾಡುವುದಿಲ್ಲ. ನೋವನ್ನು ತಗ್ಗಿಸಬಹುದು, ಅದೂ ಎಲ್ಲರಿಗಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯ ಬಳಿಕವೂ ಕಾಲುನೋವು ಉಳಿದ ೧೦೦ ಮಂದಿಯ ಪರೀಕ್ಷೆಯೊಂದು ೨೦೦೭ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಕಾಲುನೋವು ಅರ್ಧಕ್ಕಾದರೂ ಇಳಿದವರು, ಸಾಧನ ಪಡೆದವರಲ್ಲಿ ನೂರಕ್ಕೆ ೪೮. ಕೇವಲ ಬೇರೆ ಚಿಕಿತ್ಸೆ ಪಡೆದವರಲ್ಲಿ ೯. ಆದರೆ ಸಾಧನ ಹಾಕಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ವರ್ಷದೊಳಗೆ ಅದರಿಂದಲೇ ಏನಾದರೊಂದು ತೊಂದರೆಯಾಯಿತು: ತಂತಿ ಸರಿಯುವುದು, ಕೀವಾಗುವುದು, ಹೀಗೆ. ೨೦೨೨ರಲ್ಲಿ ನಾರ್ವೆಯಿಂದ ಬಂದ ವರದಿ ಇನ್ನೂ ಎಚ್ಚರ ಹೇಳುತ್ತದೆ. ಅಲ್ಲಿ ೫೦ ಮಂದಿಗೆ ತಿಳಿಯದಂತೆ ಒಂದು ಬಗೆಯ ಮಿಡಿತವನ್ನು ಕೆಲವು ತಿಂಗಳು ಕೊಟ್ಟು, ಕೆಲವು ತಿಂಗಳು ನಿಲ್ಲಿಸಿ ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಸಾಧನವೇ ಸುಳ್ಳೆನ್ನುವುದು ಆತುರವಾದೀತು. ಆದರೆ ಖಂಡಿತ ಗುಣವೆಂದು ಯಾರಾದರೂ ಹೇಳಿದರೆ, ಅವರ ಮಾತನ್ನು ನಂಬದಿರುವುದೇ ಲೇಸು.

ಹಾಗಾದರೆ ನೀವು ನಿರ್ಧರಿಸುವುದು ಹೇಗೆ? ಮೊದಲು ನೋವು ನರದ್ದೇ ಎಂದು ತಜ್ಞರು ಖಚಿತಪಡಿಸಬೇಕು. ಬರಿಯ ಸೊಂಟನೋವಿಗೆ, ಕೀಲುನೋವಿಗೆ ಇದನ್ನು ಹಾಕಿಸಿಕೊಂಡು ಹಣ ಕಳೆದುಕೊಳ್ಳಬೇಡಿ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳಂಥ ನರನೋವಿನ ಔಷಧಿಗಳನ್ನೂ ವ್ಯಾಯಾಮವನ್ನೂ ವೈದ್ಯರ ಸಲಹೆಯಂತೆ ತಕ್ಕಷ್ಟು ಕಾಲ ನೋಡಿರಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ ೨೦೦೮ರಲ್ಲಿ ಹೇಳಿದ್ದೂ ಇದನ್ನೇ: ಬೇರೆ ಚಿಕಿತ್ಸೆಯ ನಡುವೆಯೂ ನೋವು ಆರು ತಿಂಗಳಾದರೂ ತೀವ್ರವಾಗಿ ಉಳಿದಿರಬೇಕು, ಮತ್ತು ಮೊದಲು ಪರೀಕ್ಷೆಗಾಗಿ ಸಾಧನವನ್ನಿಟ್ಟು ನೋಡಬೇಕು.

ಈ ಪರೀಕ್ಷೆಯೇ ನಿಮ್ಮ ಕೈಯಲ್ಲಿರುವ ತಕ್ಕಡಿ. ತಂತಿಯನ್ನು ಮಾತ್ರ ಒಳಗಿಟ್ಟು, ಯಂತ್ರವನ್ನು ಹೊರಗೆ ಸೊಂಟಕ್ಕೆ ಕಟ್ಟಿ ಸುಮಾರು ಒಂದು ವಾರ ನೋಡುತ್ತಾರೆ. ಅದಕ್ಕೆ ಮುಂಚೆಯೇ ಕಾಗದದಲ್ಲಿ ಬರೆದಿಡಿ: ರಾತ್ರಿ ಎಷ್ಟು ಗಂಟೆ ನಿದ್ದೆ? ತೋಟದ ಎಷ್ಟು ದೂರ ನಡೆಯಬಲ್ಲೆ? ಮೆಟ್ಟುಗತ್ತಿಯ ಮುಂದೆ ಎಷ್ಟು ಹೊತ್ತು ಕೂರಬಲ್ಲೆ? ವಾರದ ಕೊನೆಗೆ ಈ ಲೆಕ್ಕ ಬದಲಾಗದಿದ್ದರೆ ‘ಬೇಡ’ ಎನ್ನಲು ಸಂಕೋಚಪಡಬೇಕಿಲ್ಲ. ತಂತಿಯನ್ನು ತೆಗೆದುಬಿಡುತ್ತಾರೆ, ಅಷ್ಟೆ. ‘ಇಷ್ಟು ದೂರ ಬಂದಾಗಿದೆ, ಖರ್ಚಾಗಿದೆ’ ಎಂಬ ದಾಕ್ಷಿಣ್ಯಕ್ಕೆ ಒಪ್ಪಿಕೊಂಡವರೇ ಮುಂದೆ ಪಶ್ಚಾತ್ತಾಪಪಡುವುದು.

ಮಲೆನಾಡಿನವರು ಇನ್ನೂ ಕೆಲವು ಮಾತುಗಳನ್ನು ವಿಚಾರಿಸಬೇಕು. ಸಾಧನದ ಬೆಲೆ ಹಲವು ಲಕ್ಷ ರೂಪಾಯಿ. ಬ್ಯಾಟರಿ ತೀರಿದಾಗ ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತೆ ಖರ್ಚು. ಅದನ್ನು ಬರೆಯಿಸಿ ತೆಗೆದುಕೊಳ್ಳಿ. ಚರ್ಮದ ಮೇಲಿನಿಂದ ಚಾರ್ಜ್ ಮಾಡುವ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ, ನಿಜ. ಆದರೆ ಆಷಾಢದ ಗಾಳಿಗೆ ಕಂಬ ಉರುಳಿ ವಾರಗಟ್ಟಲೆ ಕರೆಂಟಿಲ್ಲದ ಮನೆಯಲ್ಲಿ ಅದರ ಗತಿಯೇನು? ಮಿಡಿತವನ್ನು ಹೊಂದಿಸಲು ಮೊದಮೊದಲು ಪದೇ ಪದೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಸಾಗರದಿಂದ ಶಿವಮೊಗ್ಗೆಗೇ ಸುಮಾರು ೭೦ ಕಿಲೋಮೀಟರು. ಮಣಿಪಾಲದ ಕಡೆಗೋ ಮಂಗಳೂರಿಗೋ ಹೊರಟವರಿಗೆ ಆಗುಂಬೆ, ಹುಲಿಕಲ್ಲು ಘಾಟಿಗಳ ಮಳೆಗಾಲ ಗೊತ್ತೇ ಇದೆ. ಗಾಯ ಕೆಂಪಾಗಿ ಜ್ವರ ಬಂದರೆ, ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ತಡಮಾಡದೆ ಹೋಗಲೇಬೇಕು. ಎಂ.ಆರ್.ಐ. ತೆಗೆಯಿಸುವ ಮುನ್ನ ಸಾಧನವಿದೆಯೆಂದು ಹೇಳಿ. ಡಯಾಥರ್ಮಿ ಶಾಖವನ್ನಂತೂ ಕೊಡಿಸಿಕೊಳ್ಳಲೇಬಾರದು.

ದಿನ ಗೊತ್ತುಮಾಡುವಾಗ ಕೊಯ್ಲಿನ ಕಾಲವನ್ನು ಬಿಟ್ಟುಬಿಡಿ. ತಂತಿ ಅಂಟಿಕೊಳ್ಳುವ ತನಕ, ಅಂದರೆ ಸುಮಾರು ಆರರಿಂದ ಎಂಟು ವಾರ, ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಕೂಡದು. ಮರ ಹತ್ತುವ ಮಾತಂತೂ ಬೇಡ. ಈಚೆಗೆ ನೆಲದಿಂದಲೇ ಕೊನೆ ಕೊಯ್ಯುವ ಉದ್ದನೆಯ ದೋಟಿಗಳು ಬಂದಿವೆ. ಅವನ್ನೂ ತಲೆಯ ಮೇಲೆ ತೋಳೆತ್ತಿ ಹಿಡಿಯಬೇಕಾದ್ದರಿಂದ, ವೈದ್ಯರು ಅಪ್ಪಣೆ ಕೊಡುವವರೆಗೆ ಬೇರೆಯವರೇ ಹಿಡಿಯಲಿ.