ಬ್ಯಾಟರಿ ಗ್ರಿಪ್

ಬ್ಯಾಟರಿ ಗ್ರಿಪ್ ಎಂಬುದು ಡಿಎಸ್‌ಎಲ್‌ಆರ್ ಕ್ಯಾಮೆರಾದ ತಳಭಾಗಕ್ಕೆ ಜೋಡಿಸುವ ಪೂರಕ ಸಾಧನವಾಗಿದೆ. ಇದು ಹೆಚ್ಚುವರಿ ಬ್ಯಾಟರಿಗೆ ಸ್ಥಳ ಒದಗಿಸುತ್ತದೆ. ಜೊತೆಗೆ, ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ಬಳಸಲು ಅನುಕೂಲವಾಗುವಂತೆ ಸಾಮಾನ್ಯವಾಗಿ ಎರಡನೆಯ ಶಟರ್ ಗುಂಡಿಯನ್ನು ಹೊಂದಿರುತ್ತದೆ. ಹೆಚ್ಚುವರಿ ವಿದ್ಯುಚ್ಛಕ್ತಿ ಮಾತ್ರ ಬೇಕಾದವರಿಗೆ ಒಂದು ಬಿಡಿ ಬ್ಯಾಟರಿಯೇ ಸಾಕಾಗುತ್ತದೆ. ಗ್ರಿಪ್‌ನ ಮುಖ್ಯ ಪ್ರಯೋಜನವಿರುವುದು ಲಂಬ ಹಿಡಿತದಲ್ಲಿ, ದೀರ್ಘಕಾಲದ ಚಿತ್ರೀಕರಣದಲ್ಲಿ ಮತ್ತು ಕೆಲವು ಮಾದರಿಗಳಲ್ಲಿ ದೊರೆಯುವ ಹೆಚ್ಚಿನ ವೇಗದಲ್ಲಿ.

ಹಿನ್ನೆಲೆ

ಫಿಲ್ಮ್ ಕ್ಯಾಮೆರಾಗಳ ಕಾಲದಲ್ಲಿ ಫಿಲ್ಮನ್ನು ತಾನಾಗಿ ಮುಂದೆ ಸರಿಸುವ ಮೋಟಾರ್ ಡ್ರೈವ್‌ಗಳನ್ನು ಕ್ಯಾಮೆರಾದ ತಳಕ್ಕೆ ಜೋಡಿಸಲಾಗುತ್ತಿತ್ತು. ೧೯೮೦ರಲ್ಲಿ ಬಂದ ನಿಕಾನ್ ಎಫ್೩ ಕ್ಯಾಮೆರಾದ ಎಂಡಿ-೪ ಇದಕ್ಕೊಂದು ಉದಾಹರಣೆ. ಡಿಜಿಟಲ್ ಯುಗದಲ್ಲಿ ನಿಕಾನ್ ಡಿ೧ (೧೯೯೯) ಹಾಗೂ ಕ್ಯಾನನ್ ಇಒಎಸ್-೧ಡಿ ಸರಣಿಯಂತಹ ವೃತ್ತಿಪರ ಕ್ಯಾಮೆರಾಗಳಲ್ಲಿ ಲಂಬ ಹಿಡಿಕೆಯು ದೇಹದ ಭಾಗವಾಗಿಯೇ ಇತ್ತು. ಇತರ ಕ್ಯಾಮೆರಾಗಳಿಗೆ ಇದೇ ಸೌಲಭ್ಯವನ್ನು ಬೇಕಾದಾಗ ಜೋಡಿಸಿ, ಬೇಡವಾದಾಗ ತೆಗೆಯುವಂತೆ ಬ್ಯಾಟರಿ ಗ್ರಿಪ್ ಒದಗಿಸುತ್ತದೆ.

ರಚನೆ

ಗ್ರಿಪ್ ಅನ್ನು ಕ್ಯಾಮೆರಾದ ಟ್ರೈಪಾಡ್ ರಂಧ್ರಕ್ಕೆ ತಿರುಪಿನ ಮೂಲಕ ಬಿಗಿಯಲಾಗುತ್ತದೆ. ಕ್ಯಾನನ್‌ನ ಹಲವು ಮಾದರಿಗಳಲ್ಲಿ ಬ್ಯಾಟರಿ ಕೋಣೆಯ ಮುಚ್ಚಳವನ್ನು ತೆಗೆದು, ಗ್ರಿಪ್‌ನ ಚಾಚಿದ ಭಾಗವನ್ನು ಕೋಣೆಯೊಳಗೆ ಸೇರಿಸಬೇಕು. ಎರಡು ಬ್ಯಾಟರಿಗಳೂ ಗ್ರಿಪ್‌ನಲ್ಲಿಯೇ ಇರುತ್ತವೆ. ನಿಕಾನ್‌ನ ಎಂಬಿ-ಡಿ೧೦, ಎಂಬಿ-ಡಿ೧೮ ಮುಂತಾದವುಗಳಲ್ಲಿ ಒಂದು ಬ್ಯಾಟರಿ ಕ್ಯಾಮೆರಾದಲ್ಲಿಯೇ ಉಳಿದು, ಇನ್ನೊಂದು ಗ್ರಿಪ್‌ನಲ್ಲಿರುತ್ತದೆ. ಕೆಲವು ಗ್ರಿಪ್‌ಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎಎ ಸೆಲ್‌ಗಳನ್ನೂ ಬಳಸಿಕೊಳ್ಳುತ್ತವೆ.

ಪ್ರಯೋಜನಗಳು

ಲಂಬ ಹಿಡಿತ: ಗ್ರಿಪ್ ಇಲ್ಲದೆ ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಬಲಗೈ ಸಾಮಾನ್ಯವಾಗಿ ತಲೆಯ ಮಟ್ಟಕ್ಕೆ ಏರಿ, ಮೊಣಕೈ ದೇಹದಿಂದ ದೂರ ಸರಿಯುತ್ತದೆ. ಗ್ರಿಪ್ ಇದ್ದಾಗ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಕ್ಯಾಮೆರಾವನ್ನು ಸ್ಥಿರವಾಗಿ ಹಿಡಿಯಬಹುದು. ಗಂಟೆಗಟ್ಟಲೆ ವ್ಯಕ್ತಿಚಿತ್ರಗಳನ್ನು ತೆಗೆಯುವವರಿಗೆ ಇದರಿಂದ ಆಯಾಸ ಕಡಿಮೆಯಾಗುತ್ತದೆ. ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ೭೦-೨೦೦ ಮಿ.ಮೀ. ಎಫ್/೨.೮ ಮಸೂರದಂತಹ ಭಾರವಾದ ಮಸೂರಗಳನ್ನು ಬಳಸುವಾಗ ಸಮತೋಲನವೂ ಉತ್ತಮಗೊಳ್ಳುತ್ತದೆ.

ನಿರಂತರತೆ: ಕ್ಯಾನನ್ ಇಒಎಸ್ ೫ಡಿ ಮಾರ್ಕ್ ೪ ಕ್ಯಾಮೆರಾ ಒಂದು ಬ್ಯಾಟರಿಯಿಂದ ಸುಮಾರು ೯೦೦ ಚಿತ್ರಗಳನ್ನು ತೆಗೆಯಬಲ್ಲದು ಎಂದು ಪ್ರಮಾಣಿತ ಪರೀಕ್ಷೆಯ ಅಂಕಿ ತಿಳಿಸುತ್ತದೆ. ಎರಡು ಬ್ಯಾಟರಿಗಳಿದ್ದರೆ ಇದು ಸರಿಸುಮಾರು ಇಮ್ಮಡಿಯಾಗುತ್ತದೆ. ಆದರೆ ಸುಮಾರು ೮೦ ಗ್ರಾಂ ತೂಕದ ಬಿಡಿ ಬ್ಯಾಟರಿಯನ್ನು ಜೇಬಿನಲ್ಲಿ ಇಟ್ಟುಕೊಂಡರೂ ಒಟ್ಟು ಲಾಭ ಅಷ್ಟೇ. ವ್ಯತ್ಯಾಸವಿರುವುದು ಬ್ಯಾಟರಿ ಬದಲಿಸುವ ಕ್ಷಣದಲ್ಲಿ ಮಾತ್ರ. ಮದುವೆಯ ಧಾರೆ, ಕ್ರೀಡಾಕೂಟದ ಅಂತಿಮ ಓಟ ಮುಂತಾದ ಮರುಕಳಿಸದ ಸಂದರ್ಭಗಳಲ್ಲಿ ಆ ಕ್ಷಣವೂ ಅಮೂಲ್ಯ.

ವೇಗ: ೨೦೧೭ರಲ್ಲಿ ಬಂದ ನಿಕಾನ್ ಡಿ೮೫೦ ಸೆಕೆಂಡಿಗೆ ೭ ಚಿತ್ರಗಳನ್ನು ತೆಗೆಯುತ್ತದೆ. ಎಂಬಿ-ಡಿ೧೮ ಗ್ರಿಪ್‌ನಲ್ಲಿ ಇಎನ್-ಇಎಲ್೧೮ಬಿ ಬ್ಯಾಟರಿಯನ್ನು ಬಳಸಿದಾಗ ಈ ವೇಗ ೯ಕ್ಕೆ ಏರುತ್ತದೆ. ಕ್ಯಾಮೆರಾದ ಸಾಮಾನ್ಯ ಬ್ಯಾಟರಿ ೭ ವೋಲ್ಟ್‌ನದಾದರೆ ಇದು ೧೦.೮ ವೋಲ್ಟ್‌ನದು. ಹೀಗಾಗಿ ಗ್ರಿಪ್‌ನಲ್ಲಿ ಸಾಮಾನ್ಯ ಬ್ಯಾಟರಿಯನ್ನೇ ಹಾಕಿದರೆ ವೇಗ ಹೆಚ್ಚುವುದಿಲ್ಲ. ವಿಶೇಷ ಬ್ಯಾಟರಿ, ಅದರ ಮುಚ್ಚಳ ಹಾಗೂ ಚಾರ್ಜರ್‌ಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ಎಲ್ಲ ಕ್ಯಾಮೆರಾಗಳಿಗೂ ಈ ಲಾಭ ದೊರೆಯದು. ೫ಡಿ ಮಾರ್ಕ್ ೪ರ ವೇಗ ಗ್ರಿಪ್ ಇದ್ದರೂ ಇಲ್ಲದಿದ್ದರೂ ಸೆಕೆಂಡಿಗೆ ೭ ಚಿತ್ರಗಳೇ ಆಗಿದೆ.

ಮಿತಿಗಳು

ಗ್ರಿಪ್ ಜೋಡಿಸಿದ ಕ್ಯಾಮೆರಾದ ತೂಕ ಹಾಗೂ ಎತ್ತರ ಹೆಚ್ಚುವುದರಿಂದ ಪ್ರವಾಸ ಮತ್ತು ಚಾರಣಗಳಲ್ಲಿ ಅದು ಹೊರೆಯಾಗಬಹುದು. ಸಣ್ಣ ಚೀಲಗಳಲ್ಲಿ ಹಿಡಿಸದಿರಬಹುದು. ಟ್ರೈಪಾಡ್ ಮೇಲೆ ಕ್ಯಾಮೆರಾ ಎತ್ತರದಲ್ಲಿ ಕೂರುವುದರಿಂದ ಅಲುಗಾಟದ ಸಾಧ್ಯತೆಯೂ ಇದೆ. ಗ್ರಿಪ್ ಚಿತ್ರದ ಗುಣಮಟ್ಟವನ್ನು ನೇರವಾಗಿ ಹೆಚ್ಚಿಸುವುದಿಲ್ಲ.

ಆಯ್ಕೆ

ಒಂದು ಮಾದರಿಗೆ ರೂಪಿಸಿದ ಗ್ರಿಪ್ ಸಾಮಾನ್ಯವಾಗಿ ಮತ್ತೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಕ್ಯಾಮೆರಾ ಬದಲಿಸಿದಾಗ ಗ್ರಿಪ್‌ಗೆ ಹಾಕಿದ ಹಣವೂ ವ್ಯರ್ಥವಾಗಬಹುದು. ಅನ್ಯ ತಯಾರಕರ ಗ್ರಿಪ್‌ಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಅವುಗಳನ್ನು ಕೊಳ್ಳುವ ಮುನ್ನ ಜೋಡಣೆ ಸಡಿಲವಾಗಿಲ್ಲವೇ, ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆಯೇ, ಧೂಳು ಮತ್ತು ತೇವಾಂಶದಿಂದ ರಕ್ಷಣೆ ಇದೆಯೇ ಎಂಬುದನ್ನು ಪರೀಕ್ಷಿಸುವುದು ಸೂಕ್ತ. ಲಂಬ ಗುಂಡಿ ಎಲ್ಲ ಗ್ರಿಪ್‌ಗಳಲ್ಲೂ ಇರುವುದಿಲ್ಲ. ನಿಕಾನ್ ಝಡ್ ೬ ಮಿರರ್‌ಲೆಸ್ ಕ್ಯಾಮೆರಾದ ಎಂಬಿ-ಎನ್೧೦ರಲ್ಲಿ ಅದು ಇರಲಿಲ್ಲ. ಝಡ್ ೬ ೨ರ ಜೊತೆ ಬಂದ ಎಂಬಿ-ಎನ್೧೧ರಲ್ಲಿ ಅದನ್ನು ಸೇರಿಸಲಾಯಿತು.

ಒಟ್ಟಾರೆ, ಮದುವೆ, ಕ್ರೀಡೆ ಮತ್ತು ವ್ಯಕ್ತಿಚಿತ್ರಗಳ ಛಾಯಾಗ್ರಾಹಕರಿಗೆ ಗ್ರಿಪ್ ಉಪಯುಕ್ತ. ಕಲಿಕೆಯ ಹಂತದಲ್ಲಿರುವವರು ಹಾಗೂ ಭೂದೃಶ್ಯ ಛಾಯಾಗ್ರಾಹಕರು ಮೊದಲು ಒಂದು ಬಿಡಿ ಬ್ಯಾಟರಿಯನ್ನು ಕೊಂಡು, ಉಳಿದ ಹಣವನ್ನು ಮಸೂರ ಅಥವಾ ಟ್ರೈಪಾಡ್‌ಗೆ ವಿನಿಯೋಗಿಸುವುದು ಹೆಚ್ಚು ಪ್ರಯೋಜನಕರ.