ಸ್ತ್ರೀಯರ ಕೇಶಕ್ಷಯ: ನೀರಿನ ಮೇಲಣ ದೂರು ಮತ್ತು ದೇಹದ ನಿಜ

ದಿಲ್ಲಿಯಲ್ಲಿ ನೆಲಸಿರುವ ಕನ್ನಡ ಕುಟುಂಬಗಳ ಹೆಂಗಸರು, ಅದರಲ್ಲಿಯೂ ನಲವತ್ತೈದರ ಗಡಿಯನ್ನು ದಾಟಿದವರು, ಒಂದೆಡೆ ಕಲೆತಾಗ ಒಂದು ದೂರು ಕೇಳಿಬರುವುದುಂಟು. ಊರಿನಲ್ಲಿದ್ದಾಗ ಮುಷ್ಟಿಗೆ ಹಿಡಿಯದಷ್ಟಿದ್ದ ಜಡೆ, ಇಲ್ಲಿಯ ನೀರು ತಲೆಗೆ ಬಿದ್ದ ಮೇಲೆ ಇಲಿಬಾಲವಾಯಿತು ಎಂಬುದೇ ಆ ದೂರು. ಕರೋಲ್‌ಬಾಗಿನ ಹಳೆಯ ಮನೆಗಳಲ್ಲಿರುವವರೂ ದ್ವಾರಕಾ, ನೋಯ್ಡಾ, ಗುರುಗ್ರಾಮಗಳ ಬಹುಮಹಡಿ ವಸತಿಗಳಲ್ಲಿರುವವರೂ ಈ ಒಂದು ಮಾತಿನಲ್ಲಿ ಏಕಾಭಿಪ್ರಾಯವುಳ್ಳವರು. ದೂರು ನಿರಾಧಾರವಾದುದೆಂದು ತಳ್ಳಿಹಾಕುವಂತಿಲ್ಲ. ಆದರೆ ನೀರೊಂದನ್ನೇ ಅಪರಾಧಿಯಾಗಿ ನಿಲ್ಲಿಸಿ ಸಮಾಧಾನಪಟ್ಟುಕೊಳ್ಳುವುದರಲ್ಲಿ ಒಂದು ಹಾನಿಯಿದೆ. ನಿಜವಾದ ಕಾರಣವನ್ನು ಹುಡುಕುವ ಕೆಲಸ ಅಲ್ಲಿಗೆ ನಿಂತುಹೋಗುತ್ತದೆ. ಹಾಗೆ ಕಳೆದ ಒಂದೆರಡು ವರ್ಷಗಳಲ್ಲಿ ಉಳಿಸಿಕೊಳ್ಳಬಹುದಾಗಿದ್ದ ಕೂದಲೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೂದಲಿನ ಮೂಲಕ ದೇಹವು ಕೊಟ್ಟ ಸೂಚನೆಯೊಂದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ಮುಡಿಯ ಮಾನ

ಕೂದಲು ತೆಳುವಾಗುವುದರಿಂದ ಪ್ರಾಣಾಪಾಯವಿಲ್ಲ. ಆದರೂ ಅದು ಹೆಣ್ಣಿನ ಮನಸ್ಸಿಗೆ ಇಷ್ಟೊಂದು ವ್ಯಥೆಯನ್ನು ತರುವುದೇಕೆ ಎಂಬ ಪ್ರಶ್ನೆಗೆ ನಮ್ಮ ಭಾಷೆಯೇ ಒಂದು ಬಗೆಯ ಉತ್ತರವನ್ನು ಕೊಡುತ್ತದೆ. ಕುರುಳು, ಮುಂಗುರುಳು, ಹೆರಳು, ಜಡೆ, ತುರುಬು, ಬೈತಲೆ, ಸೋರ್ಮುಡಿ ಎಂದು ಕನ್ನಡವು ಕೂದಲಿನ ಒಂದೊಂದು ಸ್ಥಿತಿಗೆ ಒಂದೊಂದು ಹೆಸರನ್ನಿಟ್ಟಿದೆ. ‘ಮುಡಿ’ ಎಂಬ ಒಂದೇ ಪದವು ಹೆಸರಾದಾಗ ಕಟ್ಟಿದ ಕೂದಲನ್ನೂ ಕ್ರಿಯೆಯಾದಾಗ ಹೂವನ್ನು ಧರಿಸುವುದನ್ನೂ ಹೇಳುತ್ತದೆ. ಮದುವಣಗಿತ್ತಿಯ ಮೊಗ್ಗಿನ ಜಡೆಯಿಂದ ಹಿಡಿದು ಅರಿಸಿನ ಕುಂಕುಮದ ಸಂಜೆ ಕೈಗೆ ಬರುವ ಒಂದು ಮಾರು ಹೂವಿನವರೆಗೆ, ಮಂಗಲದ ಕಲ್ಪನೆಯೆಲ್ಲ ಮುಡಿಯೊಡನೆ ಹೆಣೆದುಕೊಂಡಿದೆ.

ಇದಕ್ಕೊಂದು ಕರಾಳ ಮುಖವೂ ಉಂಟು. ಕೆಲವು ಜಾತಿಗಳಲ್ಲಿ ವಿಧವೆಯ ತಲೆಯನ್ನು ಬೋಳಿಸುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಉಳಿದಿತ್ತು. ಎಂ. ಕೆ. ಇಂದಿರಾ ಅವರು ೧೯೭೬ರಲ್ಲಿ ಪ್ರಕಟಿಸಿದ ‘ಫಣಿಯಮ್ಮ’ ಕಾದಂಬರಿಯು ಅಂಥ ಒಬ್ಬ ಬಾಲವಿಧವೆಯ ಬಾಳಿನ ಕಥೆ. ಪದ್ಧತಿ ಅಳಿದರೂ, ಕೂದಲಿಲ್ಲದ ಹೆಣ್ಣು ಅಮಂಗಲೆ ಎಂಬ ಭಾವನೆ ನೆನಪಿನ ಆಳದಲ್ಲಿ ಉಳಿದುಕೊಂಡಿದೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವಳು ಬೋಳುತಲೆಯಲ್ಲಿಯೇ ತೃಪ್ತಿಯಿಂದ ಪ್ರಸಾದವನ್ನು ಹಂಚುತ್ತಾಳೆ. ಬೈತಲೆ ಒಂದು ಬೆರಳು ಅಗಲವಾದವಳು ನೆರೆಮನೆಯ ಆರತಿಗೂ ಹೋಗಲು ಹಿಂಜರಿಯುತ್ತಾಳೆ. ತಾನಾಗಿ ಕೊಟ್ಟದ್ದು ಪುಣ್ಯ, ತಾನಾಗಿ ಹೋದದ್ದು ಅವಮಾನ ಎಂಬ ಈ ಎಣಿಕೆಯೇ ಹೆಂಗಸರು ವಿಷಯವನ್ನು ವೈದ್ಯರ ಮುಂದೆ ತೆರೆದು ಹೇಳದಿರಲು ಒಂದು ಕಾರಣ.

ಪ್ರಾಚೀನರ ಅಭಿಪ್ರಾಯ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಕ್ಷುದ್ರರೋಗಗಳ ಪ್ರಕರಣದಲ್ಲಿ, ಇಂದ್ರಲುಪ್ತ ಅಥವಾ ಖಾಲಿತ್ಯದ ವಿವರಣೆಯಿದೆ. ಪಿತ್ತವು ವಾತದೊಡನೆ ಸೇರಿ ರೋಮಕೂಪವನ್ನು ಹೊಕ್ಕು ಕೂದಲನ್ನು ಉದುರಿಸುತ್ತದೆ. ಅನಂತರ ಕಫವು ರಕ್ತದೊಡನೆ ಸೇರಿ ಆ ಕೂಪವನ್ನು ಮುಚ್ಚುವುದರಿಂದ ಹೊಸ ಕೂದಲು ಹುಟ್ಟುವುದಿಲ್ಲ ಎಂಬುದು ಅದರ ಸಾರ. ದೋಷಗಳ ಪರಿಭಾಷೆಯನ್ನು ಇಂದಿನ ವಿಜ್ಞಾನವು ಒಪ್ಪದಿದ್ದರೂ, ಉದುರುವುದು ಬೇರೆ, ಮರಳಿ ಹುಟ್ಟದಿರುವುದು ಬೇರೆ ಎಂಬ ವಿವೇಚನೆ ಗಮನಾರ್ಹವಾದುದು.

ಸ್ತ್ರೀಯರ ವಿಷಯದಲ್ಲಿ ಮಾತ್ರ ಪ್ರಾಚೀನರು ಎಡವಿದರು. ಸ್ತ್ರೀಯರಿಗೆ ಖಾಲಿತ್ಯವೇ ಬಾರದೆಂಬ ಮತವೊಂದು ಹಳೆಯ ವ್ಯಾಖ್ಯಾನಗಳಲ್ಲಿ ಕಾಣುತ್ತದೆ. ಅವರು ಸುಕುಮಾರಿಯರು, ತಿಂಗಳು ತಿಂಗಳೂ ದುಷ್ಟರಕ್ತವು ಹೊರಹೋಗುತ್ತದೆ, ಆದುದರಿಂದ ಅವರ ತಲೆ ಬರಿದಾಗದು ಎಂದು ಅಲ್ಲಿಯ ವಾದ. ಕಾರಣ ತಪ್ಪು, ಆದರೆ ಋತುಚಕ್ರಕ್ಕೂ ಕೂದಲಿಗೂ ಸಂಬಂಧವಿರಬಹುದೆಂಬ ಊಹೆ ಪೂರ್ತಿ ತಪ್ಪಲ್ಲ. ಹಾಗಾದರೆ ಮುಟ್ಟು ನಿಂತ ಮೇಲಿನ ಗತಿಯೇನೆಂಬ ಪ್ರಶ್ನೆ ಅಲ್ಲಿಯೇ ಹುಟ್ಟಬೇಕಾಗಿತ್ತು. ಆ ಪ್ರಶ್ನೆಗೆ ಉತ್ತರ ಬಂದುದು ಬಹಳ ತಡವಾಗಿ.

ಕೂದಲಿನ ಆಯವ್ಯಯ

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷಗಳವರೆಗೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಬಳಿಕ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಮಿಸಿ, ಉದುರುತ್ತದೆ. ಅದೇ ಕೂಪದಿಂದ ಹೊಸತೊಂದು ಹುಟ್ಟುತ್ತದೆ. ಈ ಲೆಕ್ಕದಂತೆ ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸಹಜವಾದ ವ್ಯಯ. ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುವವರಿಗೆ ಜಡೆಯಲ್ಲಿ ಸಿಕ್ಕಿಕೊಂಡಿದ್ದ ವಾರದ ಮೊತ್ತವೆಲ್ಲ ಒಂದೇ ದಿನ ಕೈಗೆ ಬರುವುದರಿಂದ ಭಯವಾಗುವುದು ಸ್ವಾಭಾವಿಕ. ಆ ಭಯಕ್ಕೆ ಆಧಾರವಿಲ್ಲ.

ಈ ಆಯವ್ಯಯದಲ್ಲಿ ಏರುಪೇರಾಗುವ ರೀತಿಗಳು ಮುಖ್ಯವಾಗಿ ಎರಡು. ಮೊದಲನೆಯದು ಹಠಾತ್ತಾದ ಉದುರುವಿಕೆ. ಜೋರಾದ ಜ್ವರ, ಹೆರಿಗೆ, ಶಸ್ತ್ರಕ್ರಿಯೆ, ತೀವ್ರ ದುಃಖ, ಊಟವನ್ನು ಅತಿಯಾಗಿ ಕಡಮೆಮಾಡುವುದು ಇವುಗಳಿಂದ ಬಹುಸಂಖ್ಯೆಯ ಕೂದಲುಗಳು ಒಮ್ಮೆಗೇ ವಿಶ್ರಾಂತಿಗೆ ಸಂದು, ಎರಡು ಮೂರು ತಿಂಗಳ ಅನಂತರ ಒಟ್ಟಾಗಿ ಉದುರುತ್ತವೆ. ಅಮೆರಿಕದ ವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ೧೯೬೧ರಲ್ಲಿ ಇದನ್ನು ವಿವರಿಸಿ ‘ಟೆಲೊಜೆನ್ ಎಫ್ಲೂವಿಯಂ’ ಎಂದು ಹೆಸರಿಟ್ಟನು. ಕೋವಿಡ್ ಜ್ವರದಿಂದ ಎದ್ದವರಲ್ಲಿ ಅನೇಕರು ಎರಡು ಮೂರು ತಿಂಗಳಾದ ಮೇಲೆ ಕೂದಲು ಉದುರುವುದನ್ನು ಕಂಡುದು ಇದೇ ಕಾರಣದಿಂದ. ದಿಲ್ಲಿಯಲ್ಲಿ ಮಳೆಗಾಲದ ತರುವಾಯ ಹಬ್ಬುವ ಡೆಂಗಿಯ ಹಿಂದೆಯೂ ಇದು ಬರಬಹುದು. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ಅಂತರವಿರುವುದರಿಂದ ಜ್ವರದ ನೆನಪು ಮಾಸಿ, ಎದುರಿಗಿರುವ ನೀರೋ ಸೋಪೋ ದೂರಿಗೆ ಗುರಿಯಾಗುತ್ತದೆ. ಕೂಪಗಳು ಕೆಡದಿರುವುದರಿಂದ, ಮೂಲಕಾರಣ ನಿವಾರಣೆಯಾದಲ್ಲಿ ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ ಈ ಉದುರುವಿಕೆ ತಗ್ಗುತ್ತದೆ.

ಎರಡನೆಯದು ಮೆಲ್ಲನೆ ನಡೆಯುವ ಕ್ಷಯ. ಇಲ್ಲಿ ಉದುರುವುದು ಹೆಚ್ಚಾಗಿ ಕಾಣದೆಯೂ ಇರಬಹುದು. ಹೋದ ಕೂದಲಿನ ಸ್ಥಾನದಲ್ಲಿ ಹುಟ್ಟುವುದು ಮೊದಲಿಗಿಂತ ಸಣ್ಣದು, ಮುಂದಿನದು ಇನ್ನೂ ಸಣ್ಣದು. ಬೈತಲೆ ಅಗಲವಾಗುತ್ತದೆ, ನೆತ್ತಿಯ ಚರ್ಮ ಬೆಳಕಿನಲ್ಲಿ ಹೊಳೆಯುತ್ತದೆ. ಹಣೆಯ ಅಂಚಿನ ಕೂದಲು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಜರ್ಮನಿಯ ಎರಿಕ್ ಲುಡ್ವಿಗ್ ೧೯೭೭ರಲ್ಲಿ ಇದನ್ನು ಮೂರು ದರ್ಜೆಗಳಾಗಿ ವಿಂಗಡಿಸಿದನು. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರಬಹುದಾದ ಈ ಪ್ರವೃತ್ತಿಯು ಮುಟ್ಟು ನಿಲ್ಲುವ ಕಾಲದಲ್ಲಿ, ಈಸ್ಟ್ರೋಜೆನ್ ರಸವು ತಗ್ಗುವಾಗ, ಹೆಚ್ಚಾಗಿ ಪ್ರಕಟವಾಗುತ್ತದೆ. ಭಾರತೀಯ ಸ್ತ್ರೀಯರಲ್ಲಿ ಆ ಕಾಲ ಬರುವುದು ಸರಾಸರಿ ೪೬-೪೭ರ ವಯಸ್ಸಿನಲ್ಲಿ, ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಮುಂಚೆ. ಇಪ್ಪತ್ತೈದರಲ್ಲಿ ಮದುವೆಯಾಗಿ ದಿಲ್ಲಿಗೆ ಬಂದವಳಿಗೆ ಇಲ್ಲಿಯ ವಾಸ ಇಪ್ಪತ್ತು ವರ್ಷ ತುಂಬುವಾಗ ಈ ವಯಸ್ಸೂ ತುಂಬುತ್ತದೆ. ದಿಲ್ಲಿಯ ವರ್ಷಗಳೂ ವಯಸ್ಸಿನ ವರ್ಷಗಳೂ ಜೊತೆಯಾಗಿ ನಡೆದುದರಿಂದ ಎರಡನೆಯದರ ಕೆಲಸವನ್ನು ಮೊದಲನೆಯದರ ತಲೆಗೆ ಕಟ್ಟುವುದು ಸುಲಭವಾಯಿತು. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಉಳಿದ ಓರಗೆಯವರ ಬೈತಲೆಯನ್ನು ನೋಡಿದರೆ ಈ ಸಂಶಯ ಪರಿಹಾರವಾದೀತು.

ನೀರಿನ ಪಾಲು

ಹಾಗಾದರೆ ನೀರು ನಿರಪರಾಧಿಯೆ? ಪೂರ್ತಿಯಾಗಿ ಅಲ್ಲ. ದಿಲ್ಲಿಯ ಹಲವು ಭಾಗಗಳಿಗೆ ಯಮುನೆ ಮತ್ತು ಗಂಗೆಯ ನೀರು ಶುದ್ಧೀಕರಣವಾಗಿ ಬರುತ್ತದೆ. ಆದರೆ ಸುತ್ತಣ ಬಡಾವಣೆಗಳಲ್ಲಿ ಅನೇಕ ಕಡೆ ಕೊಳವೆಬಾವಿಯ ನೀರೇ ಗತಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂವರೆಗೆ ಸ್ವೀಕಾರ್ಹ. ಬೇರೆ ನೀರಿಲ್ಲದಿದ್ದಲ್ಲಿ ೬೦೦ರವರೆಗೆ ಅನುಮತಿಯಿದೆ. ಗಡಸುನೀರಿನಲ್ಲಿ ಸೋಪು ನೊರೆಯಾಗದೆ ಜಿಗುಟಾಗಿ ಕೂದಲಿಗೆ ಅಂಟುತ್ತದೆ; ಕೂದಲು ಒರಟಾಗಿ, ಸಿಕ್ಕುಗಟ್ಟಿ, ನಡುವೆ ತುಂಡಾಗಬಹುದು. ಆದರೆ ಕೂದಲು ಹುಟ್ಟುವ ಸ್ಥಾನ ಚರ್ಮದಲ್ಲಿ ಕೆಲವು ಮಿಲಿಮೀಟರು ಆಳದಲ್ಲಿದೆ. ಮೇಲೆ ಹರಿದುಹೋಗುವ ನೀರು ಅದನ್ನು ಬತ್ತಿಸುವುದಿಲ್ಲ. ಕೋಲಾರ, ತುಮಕೂರು ಸೀಮೆಗಳ ಕೊಳವೆಬಾವಿಗಳಲ್ಲಿಯೂ ಗಡಸುನೀರು ಬರುವುದುಂಟು ಎಂಬುದನ್ನು ಊರಿನ ನೀರನ್ನು ಹೊಗಳುವವರು ನೆನೆಯಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಒಂದುಂಟು. ಬಿದ್ದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿಯ ಗಂಟಿದ್ದರೆ ಅದು ಬುಡದಿಂದ ಉದುರಿದುದು. ಗಂಟಿಲ್ಲದ ಗಿಡ್ಡ ತುಂಡುಗಳಾದರೆ ಮುರಿದುದು. ಮುರಿದುದಕ್ಕೆ ನೀರು, ಬಣ್ಣ, ಬಿಸಿಗಾಳಿಯ ಯಂತ್ರಗಳನ್ನು ಸಂದೇಹಿಸಬಹುದು. ಉದುರಿದುದಕ್ಕೆ ದೇಹದ ಒಳಗೆ ನೋಡಬೇಕು.

ಒಳಗಿನ ಪರೀಕ್ಷೆ

ನಲವತ್ತರ ದಶಕದಲ್ಲಿ ಅನೇಕರಿಗೆ ಮುಟ್ಟು ಅನಿಯತವಾಗಿ ರಕ್ತಸ್ರಾವ ಹೆಚ್ಚುತ್ತದೆ. ಕಬ್ಬಿಣದ ಸಂಗ್ರಹ ಬರಿದಾಗುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರು. ದಿಲ್ಲಿಯಲ್ಲಿ ಈ ಪ್ರಮಾಣ ಸುಮಾರು ೫೦, ಕರ್ನಾಟಕದಲ್ಲಿ ಸುಮಾರು ೪೮. ಥೈರಾಯ್ಡ್ ಗ್ರಂಥಿಯ ಮಾಂದ್ಯವೂ ಈ ವಯಸ್ಸಿನಲ್ಲಿ ವಿರಳವಲ್ಲ. ಆಯಾಸ, ಮೈ ತೂಕ ಏರುವುದು, ಚಳಿ ತಾಳದಿರುವುದು ಅದರ ಜೊತೆಗಾರರು. ಆದುದರಿಂದ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಇವುಗಳ ಪರೀಕ್ಷೆ ಮೊದಲು ನಡೆಯಬೇಕಾದುದು. ಇಲ್ಲಿ ದೋಷ ಕಂಡರೆ ಚಿಕಿತ್ಸೆಯಿಂದ ಕೂದಲಿಗಿಂತ ಮಿಗಿಲಾದ ಪ್ರಯೋಜನವಿದೆ. ನುಗ್ಗೆಸೊಪ್ಪು, ಹರಿವೆ, ಹುರುಳಿ, ಎಳ್ಳು ನಮ್ಮ ಅಡುಗೆಮನೆಗೆ ಹೊಸವಲ್ಲ. ಅವುಗಳ ಮೇಲೆ ನಿಂಬೆಯ ರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ, ಊಟದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ತಲೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಕೂದಲು ಹೋದರೆ, ಚರ್ಮವು ಕೆಂಪಾಗಿ ಉರಿದರೆ, ಕಲೆಗಟ್ಟಿದರೆ, ಇಲ್ಲವೆ ಮುಖದಲ್ಲಿ ರೋಮ ಹೆಚ್ಚಿದರೆ ತಡಮಾಡದೆ ಚರ್ಮವೈದ್ಯರನ್ನು ಕಾಣಬೇಕು. ಕಲೆಗಟ್ಟಿದ ಕೂಪ ಮರಳಿ ತೆರೆಯದು. ದಿಲ್ಲಿಯವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ೧೯೫೬ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಸಫ್ದರ್‌ಜಂಗ್, ರಾಮಮನೋಹರ ಲೋಹಿಯಾ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಕೇಂದ್ರ ಸರಕಾರಿ ನೌಕರರ ಕುಟುಂಬಗಳಿಗೆ ೧೯೫೪ರಲ್ಲಿ ಇದೇ ನಗರದಲ್ಲಿ ಆರಂಭವಾದ ಸರಕಾರಿ ಆರೋಗ್ಯ ಯೋಜನೆಯ ದವಾಖಾನೆಗಳೂ ಇವೆ.

ಚಿಕಿತ್ಸೆಯೂ ಅದರ ಮಿತಿಯೂ

ಮೆಲ್ಲನೆಯ ಕ್ಷಯಕ್ಕೆ ಹೆಚ್ಚು ಪರೀಕ್ಷಿತವಾದ ಔಷಧ ಮಿನಾಕ್ಸಿಡಿಲ್. ರಕ್ತದೊತ್ತಡಕ್ಕೆಂದು ಕೊಟ್ಟ ಈ ಔಷಧದಿಂದ ರೋಗಿಗಳ ಮೈಮೇಲೆ ಕೂದಲು ಬೆಳೆದುದನ್ನು ಕಂಡು ಅದನ್ನು ಲೇಪನವಾಗಿ ಮಾರ್ಪಡಿಸಲಾಯಿತು. ಅಮೆರಿಕದಲ್ಲಿ ಪುರುಷರಿಗೆ ೧೯೮೮ರಲ್ಲಿ, ಸ್ತ್ರೀಯರಿಗೆ ೧೯೯೧ರಲ್ಲಿ ಅನುಮತಿ ದೊರೆಯಿತು. ಇದನ್ನು ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ ಹಚ್ಚಬೇಕು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಬಹುದು. ಹೆದರಿ ಬಿಡುವವರೇ ಬಹಳ. ಫಲವನ್ನು ಅಳೆಯಲು ನಾಲ್ಕರಿಂದ ಆರು ತಿಂಗಳಾದರೂ ಬೇಕು. ನಿಲ್ಲಿಸಿದರೆ ಗಳಿಸಿದುದು ಕೆಲವು ತಿಂಗಳಲ್ಲಿ ಹೋಗುತ್ತದೆ. ಗರ್ಭಿಣಿಯರೂ ಹೃದ್ರೋಗವುಳ್ಳವರೂ ವೈದ್ಯರ ಮಾತಿಲ್ಲದೆ ಇದರ ಗೊಡವೆಗೆ ಹೋಗಬಾರದು. ಇದು ಇರುವುದನ್ನು ಉಳಿಸಿ ಸ್ವಲ್ಪ ಹೆಚ್ಚಿಸುವ ಔಷಧ. ಹದಿನೆಂಟರ ಜಡೆಯನ್ನು ಮರಳಿ ಕೊಡುವುದಲ್ಲ. ಬೇಗ ಆರಂಭಿಸಿದಷ್ಟೂ ಉಳಿಸಿಕೊಳ್ಳಲು ಹೆಚ್ಚು ಕೂದಲಿರುತ್ತದೆ.

ಕೊಬ್ಬರಿ ಎಣ್ಣೆ ಕೂದಲಿನ ಎಳೆಯನ್ನು ಕಾಪಾಡುತ್ತದೆ. ಸೀಗೆಕಾಯಿ, ದಾಸವಾಳದ ಎಲೆಯ ಲೋಳೆ ಅದನ್ನು ಶುಚಿಯಾಗಿ ನಯವಾಗಿ ಇಡುತ್ತವೆ. ಬುಡವು ಬತ್ತುವುದನ್ನು ಇವು ತಡೆಯಲಾರವು. ಅಂಗಡಿಗಳಲ್ಲಿ ದೊರೆಯುವ ಬಯೋಟಿನ್ ಮಾತ್ರೆಗಳು ಕೊರತೆಯಿಲ್ಲದವರಿಗೆ ಪ್ರಯೋಜನಕರವೆಂಬುದು ಸಿದ್ಧವಾಗಿಲ್ಲ. ಅವು ಥೈರಾಯ್ಡ್ ಮೊದಲಾದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲವು. ಬಕ್ಕತನವನ್ನು ಗುಣಪಡಿಸುವುದಾಗಿಯೂ ಹೊಸ ಕೂದಲು ಬೆಳೆಸುವುದಾಗಿಯೂ ಔಷಧಗಳು ಹೇಳಿಕೊಳ್ಳಬಾರದೆಂದು ೧೯೪೫ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಇರುವುದನ್ನು ಜಾಹೀರಾತು ಓದುವವರು ನೆನಪಿನಲ್ಲಿಡುವುದು ಲೇಸು. ವರ್ಷದ ಹಣವನ್ನು ಮುಂಗಡವಾಗಿ ಕೇಳುವಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು.

ಬಿಗಿಯಾಗಿ ಎಳೆದು ಹೆಣೆಯುವುದರಿಂದಲೂ ಬುಡ ಸಡಿಲುತ್ತದೆ. ಗ್ರೀನ್‌ಲೆಂಡಿನ ಸ್ತ್ರೀಯರ ಬಿಗಿದ ಜುಟ್ಟಿನಿಂದ ಆಗುತ್ತಿದ್ದ ಇಂಥ ನಷ್ಟವನ್ನು ೧೯೦೭ರಲ್ಲಿಯೇ ಬಣ್ಣಿಸಲಾಗಿತ್ತು. ತೆಳುವಾದ ಜಡೆಯನ್ನು ದಪ್ಪ ತೋರಿಸಲು ಭಾರದ ಚೌರಿಯನ್ನು ಬಿಗಿದು ಕಟ್ಟುವುದು ಈ ದೃಷ್ಟಿಯಿಂದ ಅನುಚಿತ. ಸಡಿಲವಾದ ಗಂಟು, ಭುಜದವರೆಗಿನ ಕತ್ತರಿಕೆ, ಬೈತಲೆಯನ್ನು ಪಕ್ಕಕ್ಕೆ ಸರಿಸುವುದು ಇವು ನಿರಪಾಯಕರ. ನಷ್ಟ ಹೆಚ್ಚಾದವರು ಕೃತಕ ಕೇಶವನ್ನು ಧರಿಸುವುದರಲ್ಲಿಯೂ ಸಂಕೋಚಕ್ಕೆ ಎಡೆಯಿಲ್ಲ. ತಿರುಮಲೆಯಲ್ಲಿ ಭಕ್ತರು ಅರ್ಪಿಸಿದ ಮುಡಿ ಹರಾಜಾಗಿ ಲೋಕದ ಎಷ್ಟೋ ಹೆಂಗಸರ ತಲೆಯನ್ನು ಅಲಂಕರಿಸುತ್ತಿದೆ.

ಮನೆಯವರ ಕರ್ತವ್ಯವೂ ಇಲ್ಲಿ ಇಲ್ಲದಿಲ್ಲ. ‘ಈ ವಯಸ್ಸಿನಲ್ಲಿ ಕೂದಲ ಚಿಂತೆಯೇಕೆ’ ಎಂಬ ಮಾತು ಸಮಾಧಾನದಂತೆ ಕಂಡರೂ, ಪರೀಕ್ಷೆಗೆ ಹೋಗಬೇಕಾದವಳನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಮಗಳ ರಕ್ತಹೀನತೆಗೆ ಓಡಾಡುವ ತಾಯಿ ತನ್ನದನ್ನು ತಳ್ಳಿಹಾಕುವುದು ನಮ್ಮ ಮನೆಗಳ ವಾಡಿಕೆ. ಬೈತಲೆ ಅಗಲವಾದುದನ್ನು ಕಂಡ ವರ್ಷವೇ ಒಂದು ಸಲ ರಕ್ತವನ್ನು ಪರೀಕ್ಷಿಸಿ, ಚರ್ಮವೈದ್ಯರ ಅಭಿಪ್ರಾಯವನ್ನು ಪಡೆದರೆ, ವಾಸಿಯಾಗುವುದು ವಾಸಿಯಾಗುತ್ತದೆ, ಉಳಿಯಬಹುದಾದುದು ಉಳಿಯುತ್ತದೆ. ವಯಸ್ಸಿಗೆ ಸಲ್ಲಬೇಕಾದುದು ಯಾವುದೆಂಬುದೂ ತಿಳಿಯುತ್ತದೆ. ಅಷ್ಟು ತಿಳಿದವಳು ಇದ್ದ ಕೂದಲಿಗೆ ಒಂದು ಗೇಣು ಮಲ್ಲಿಗೆಯನ್ನು ಮುಡಿದು ಆರತಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.