ಎಸ್ತರ್ ರಾಣಿಯ ಹೆಸರಿನ ಶಾಖೆ

ಅಮೆರಿಕದ ಫ್ರೀಮೇಸನ್ ಭ್ರಾತೃಸಂಘದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಸದಸ್ಯರ ಪತ್ನೀಪುತ್ರಿಯರೇ ಮೊದಲಾದವರಿಗಾಗಿ ರಾಬ್ ಮಾರಿಸ್ ಎಂಬಾತನು 1850ರಲ್ಲಿ ಈಸ್ಟರ್ನ್ ಸ್ಟಾರ್, ಎಂದರೆ ಪೂರ್ವತಾರೆ, ಎಂಬ ಅಂಗಸಂಘದ ವಿಧಿಗಳನ್ನು ರಚಿಸಿದನು; ರಾಬರ್ಟ್ ಮೆಕಾಯ್ ಅವುಗಳನ್ನು ಪರಿಷ್ಕರಿಸಿದನು. ಮೇಸನ್ ಪುರುಷರಿಗೂ ಇದರಲ್ಲಿ ದೀಕ್ಷೆಯುಂಟು. ಇದರ ಆದರ್ಶನಾಯಿಕೆಯರು ಐವರು: ಆದಾ, ರೂತ್, ಎಸ್ತರ್, ಮಾರ್ಥಾ, ಇಲೆಕ್ಟಾ. ಆದಾ ಎಂಬುದು ಕಲ್ಪಿತನಾಮ; ಬೈಬಲಿನಲ್ಲಿ ಯೆಪ್ತಾಹನ ಆ ಮಗಳಿಗೆ ಹೆಸರೇ ಇಲ್ಲ. ಎಸ್ತರಳಾದರೋ ಗ್ರಂಥಪ್ರಸಿದ್ಧಳು. ಅರಮನೆಯಲ್ಲಿ ಮರೆಮಾಡಿದ್ದ ತನ್ನ ಕುಲವನ್ನು ಸಂಕಟಕಾಲದಲ್ಲಿ ರಾಜನೆದುರು ತಾನೇ ಹೇಳಿ, ಪ್ರಾಣವನ್ನು ಪಣವಿಟ್ಟು ಸ್ವಜನರನ್ನು ಉಳಿಸಿದವಳು.

ವಾಷಿಂಗ್ಟನ್ ನಗರದಲ್ಲಿ ಆಫ್ರಿಕನ್ ಮೂಲದವರ ಪ್ರಥಮ ಶಾಖೆಗೆ ಇವಳ ಹೆಸರೇ ಬಂದಿತು. ದೇಶದಲ್ಲಿ ದಾಸ್ಯವು 1865ರಲ್ಲಿ ರದ್ದಾಗಿದ್ದರೂ, ಬಿಳಿಯರ ಮೇಸನ್ ಸಂಘಗಳು ಸಾಮಾನ್ಯವಾಗಿ ಕರಿಯರ ಸಂಘಗಳನ್ನು ಅಂಗೀಕರಿಸುತ್ತಿರಲಿಲ್ಲ. 1874ನೆಯ ಆಗಸ್ಟ್ 10ರಂದು ಥಾರ್ನ್‌ಟನ್ ಜಾಕ್ಸನ್ ಎಂಬವನು ಮೆಕಾಯ್‌ನ ಪ್ರತಿನಿಧಿಯಾದ ಕೇಸ್ ಎಂಬವನಿಂದ ದೀಕ್ಷೆಯನ್ನು ಪಡೆದನು. ಅದೇ ಡಿಸೆಂಬರ್ 1ರಂದು ಜಾರ್ಜಿಯಾನಾ ಥಾಮಸ್ ಎಂಬಾಕೆಯ ಮನೆಯಲ್ಲಿ ಕ್ವೀನ್ ಎಸ್ತರ್ ಶಾಖೆಯು ಸ್ಥಾಪಿತವಾಯಿತು. ಕುಲವನ್ನು ಮುಚ್ಚದೆ ಹೇಳಿದ ರಾಣಿಯ ಹೆಸರು ಇಲ್ಲಿ ಅನ್ವರ್ಥವೇ ಸರಿ.

ಈ ಶಾಖೆಯನ್ನು ಕೇವಲ ಅನುಕರಣವೆಂದೆಣಿಸುವುದು ಯುಕ್ತವಲ್ಲ. ಪರಂಪರೆಯ ಶುದ್ಧಿಯು ಉಪದೇಶಕ್ರಮದಿಂದ ನಿರ್ಣೀತವಾಗತಕ್ಕುದಷ್ಟೆ. ಮೆಕಾಯ್, ಕೇಸ್, ಜಾಕ್ಸನ್ ಎಂಬ ಸಾಲಿನಲ್ಲಿ ಎಲ್ಲಿಯೂ ಕೊಂಡಿ ಕಳಚಿಲ್ಲ. ಮೇಲಾಗಿ, ಬಿಳಿಯರ ಶಾಖೆಗಳನ್ನು ಒಂದುಗೂಡಿಸಿದ ಮಹಾಮಂಡಲವು ಇಂಡಿಯಾನಪೊಲಿಸ್ ನಗರದಲ್ಲಿ ಏರ್ಪಟ್ಟುದು 1876ರಲ್ಲಿ. ವಾಷಿಂಗ್ಟನ್ನಿನ ಈ ಶಾಖೆಯು ಅದಕ್ಕಿಂತ ಎರಡು ವರ್ಷ ಹಿರಿದು.